ನಲವತ್ತೈದು ದಾಟಿದವರ ಗೇರು

ಸೈಕಲ್ಲಿಗೆ ಗೇರು ಬಂದ ಕಾಲದಲ್ಲಿ ಅದನ್ನು ವಯಸ್ಸಾದವರ ಊರುಗೋಲೆಂದು ಹಳಿದವರಲ್ಲಿ ಫ್ರಾನ್ಸಿನ ಆಂರಿ ದೆಗ್ರಾಂಜ್ ಪ್ರಮುಖರು. 1893ರಲ್ಲಿ ಪ್ಯಾರಿಸಿನ ವೆಲೊಡ್ರೋಮಿನಲ್ಲಿ, ಎಂದರೆ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ಅಂಡಾಕಾರದ ಓಟದ ಪಥದಲ್ಲಿ, ಒಂದು ಗಂಟೆಗೆ 35.325 ಕಿ.ಮೀ. ತುಳಿದು ‘ಗಂಟೆಯ ದಾಖಲೆ’ಗೆ ನಾಂದಿ ಹಾಡಿದ್ದ ಅವರು, ಗೇರುಗಳು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕವೆಂದು 1902ರಲ್ಲಿ ಬರೆದರು. ಮರುವರ್ಷ ಅವರೇ ಆರಂಭಿಸಿದ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ಸಾಧನಕ್ಕೆ 1937ರವರೆಗೆ ಅನುಮತಿ ಸಿಗಲಿಲ್ಲ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ತಿರುಪು ಸಡಿಲಿಸಿ, ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರವಿದ್ದ ಹಿಂದಿನ ಗಾಲಿಯನ್ನೇ ತಿರುಗಿಸಿ ಕೂರಿಸಿಕೊಳ್ಳಬೇಕಿತ್ತು.

ಇದಕ್ಕೆ ಎದುರಾಗಿ ನಿಂತವರು ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ (1853–1930). ಸಾಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಅಂಗಡಿ ತೆರೆದು ಪತ್ರಿಕೆ ನಡೆಸಿದ ಅವರು, ಕೈಯಿಂದಲೇ ಚೈನು ಎತ್ತಿಡಬೇಕಾದ ಒರಟು ಏರ್ಪಾಟಿನಿಂದ ಮೊದಲುಮಾಡಿ ಗೇರಿನ ಪ್ರಯೋಗಗಳನ್ನು ವರ್ಷಾನುಗಟ್ಟಲೆ ಮುಂದುವರಿಸಿದರು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಮೊದಲ ಗಂಟೆಗಳಲ್ಲಿ ವೇಗಕ್ಕೆ ಆತುರಪಡಬಾರದು, ಜಂಬಕ್ಕಾಗಿ ಪೆಡಲು ತುಳಿಯಬಾರದು ಎಂಬ ಅವರ ನಿಯಮಗಳಲ್ಲಿ ಕೊನೆಯದನ್ನೇ ಪಾಲಿಸುವುದು ಬಹುಶಃ ಎಲ್ಲಕ್ಕಿಂತ ಕಷ್ಟ.

ವಯಸ್ಸಾದವರ ವೇಗವನ್ನು ಪ್ರಯೋಗಾಲಯವು ಅಳೆದುದು ಬಹಳ ತಡವಾಗಿ. 1911ರಲ್ಲಿ ಹುಟ್ಟಿದ ರೊಬೇರ್ ಮಾರ್ಶಾಂ, ಕುಳ್ಳಗಿರುವ ಕಾರಣ ಸ್ಪರ್ಧೆಗೆ ಸಲ್ಲರೆಂದು ತಾರುಣ್ಯದಲ್ಲಿ ಹೇಳಿಸಿಕೊಂಡು ಸೈಕಲ್ ಬಿಟ್ಟು, ವೆನೆಜುವೆಲಾದಲ್ಲಿ ಲಾರಿ ಓಡಿಸಿ, ಕೆನಡಾದಲ್ಲಿ ಮರ ಕಡಿದು, ಅರವತ್ತೈದು ದಾಟಿದ ಮೇಲೆ ಮತ್ತೆ ಪೆಡಲು ತುಳಿದವರು. ನೂರು ತುಂಬಿದವರ ವಿಭಾಗದಲ್ಲಿ 2012ರಲ್ಲಿ ಗಂಟೆಗೆ 24.25 ಕಿ.ಮೀ. ಕ್ರಮಿಸಿದ ಅವರು 2014ರಲ್ಲಿ 26.927 ಕಿ.ಮೀ. ಮುಟ್ಟಿದರು. ಈ ಅವಧಿಯಲ್ಲಿ ಅವರನ್ನು ಪರೀಕ್ಷಿಸಿದ ಶರೀರವಿಜ್ಞಾನಿ ವೆರೊನಿಕ್ ಬಿಲ್ಲಾ ರೂಪಿಸಿದ ಅಭ್ಯಾಸಕ್ರಮವು ವರ್ಷಕ್ಕೆ ಸುಮಾರು 5,000 ಕಿ.ಮೀ. ಸವಾರಿಯದಾಗಿದ್ದು, ಅದರಲ್ಲಿ ಶೇ 80 ಭಾಗ ಹಗುರವಾಗಿಯೂ ಉಳಿದ ಶೇ 20 ಭಾಗ ಕಠಿಣವಾಗಿಯೂ ಇತ್ತು. ಅವರ ದೇಹ ನಿಮಿಷವೊಂದಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕವು ತೂಕದ ಪ್ರತಿ ಕಿಲೋಗ್ರಾಮಿಗೆ 31 ಮಿಲಿಲೀಟರಿನಿಂದ 35ಕ್ಕೆ ಏರಿತು, ಪೆಡಲಿನ ಗರಿಷ್ಠ ಶಕ್ತಿ 90 ವ್ಯಾಟ್‌ನಿಂದ 125ಕ್ಕೆ ಜಿಗಿಯಿತು. ಹೃದಯ ಬಡಿತದ ಗರಿಷ್ಠ ಮಿತಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

2017ರ ಜನವರಿಯಲ್ಲಿ 105ನೇ ವಯಸ್ಸಿನಲ್ಲಿ ಮಾರ್ಶಾಂ 22.547 ಕಿ.ಮೀ. ಕ್ರಮಿಸಿದರು. ಓಟ ಮುಗಿಸಿ ಇಳಿದವರು, ಇನ್ನು ಹತ್ತು ನಿಮಿಷ ಉಳಿದಿದೆಯೆಂಬ ಫಲಕ ತಮಗೆ ಕಾಣಲಿಲ್ಲವೆಂದೂ ಕಂಡಿದ್ದರೆ ಇನ್ನೂ ಜೋರಾಗಿ ತುಳಿಯುತ್ತಿದ್ದುದಾಗಿಯೂ ಹೇಳಿಕೊಂಡರು.