ಎಡಗಾಲಿನ ಅಳತೆ

ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ದಾರ ಸುತ್ತುವಾಗ ನಾವು ಒಂದು ಸಣ್ಣ ಕೆಲಸ ಮಾಡುತ್ತೇವೆ. ಬಲಗಡೆಯ ಚಕ್ರದ ನಡುವಿನ ತಿರುಪನ್ನು ಸಡಿಲಿಸುತ್ತೇವೆ. ಆಮೇಲೆ ಎಷ್ಟೇ ತುಳಿದರೂ ಚಕ್ರ ಮಾತ್ರ ತಿರುಗುತ್ತದೆ, ಸೂಜಿ ಕದಲುವುದಿಲ್ಲ. ತಿರುಪು ಬಿಗಿದರೆ ಸೂಜಿಗೆ ಮತ್ತೆ ಜೀವ ಬರುತ್ತದೆ. ಮೋಟಾರು ಕಾರಿನ ಕ್ಲಚ್ಚು ಎಂದರೂ ಇಷ್ಟೇ. ಎಂಜಿನ್ ತನ್ನ ಪಾಡಿಗೆ ತಾನು ತಿರುಗುತ್ತಿರಬೇಕು, ಗಾಲಿ ಮಾತ್ರ ನಮಗೆ ಬೇಕೆಂದಾಗ ತಿರುಗಬೇಕು. ಇವೆರಡನ್ನೂ ಕೂಡಿಸುವ, ಬಿಡಿಸುವ ಕೆಲಸ ಕ್ಲಚ್ಚಿನದು. ಅದನ್ನು ಒತ್ತುವ ಕೆಲಸ ನಮ್ಮ ಎಡಗಾಲಿನದು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ಕಾರನ್ನು ಕಂಡುಹಿಡಿದವರು ಯಾರು ಎಂದರೆ ಮಕ್ಕಳು ಥಟ್ಟನೆ ಹೆಸರು ಹೇಳುತ್ತಾರೆ. ಆದರೆ ಅದರ ಪೆಡಲನ್ನು ಯಾರ ಕಾಲಿನ ಅಳತೆಗೆ ಮಾಡಿದರು ಎಂದು ನಮ್ಮ ಪಾಠದ ಪುಸ್ತಕ ಕೇಳುವುದಿಲ್ಲ. ನನ್ನ ತಲೆಯೊಳಗೆ ಆ ಪ್ರಶ್ನೆ ಹೊಕ್ಕದ್ದು ದೂರದ ಅಮೆರಿಕದಲ್ಲಿ, ಒಬ್ಬ ಹಿರಿಯರ ಗ್ಯಾರೇಜಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನ ಕಥೆ ಹೇಳಬೇಕು.

1888ರ ಆಗಸ್ಟ್ ತಿಂಗಳು. ಜರ್ಮನಿಯ ಮ್ಯಾನ್‌ಹೈಮ್ ಊರಿನ ಬೆರ್ಥಾ ಬೆಂಜ್, ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಗಾಲಿಯ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಹೊರಡಿಸಿದಳು. ಇಬ್ಬರು ಗಂಡುಮಕ್ಕಳ ಜೊತೆ ಸುಮಾರು 100 ಕಿಲೋಮೀಟರ್ ದೂರದ ಫೋರ್ಜ್‌ಹೈಮಿನ ತವರು ಸೇರಿದಳು. ಆ ಗಾಡಿಗೆ ಕ್ಲಚ್ಚಿನ ಪೆಡಲು ಇರಲಿಲ್ಲ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಬೆಲ್ಟನ್ನು ಸಡಿಲ ಚಕ್ರದಿಂದ ಬಿಗಿ ಚಕ್ರಕ್ಕೆ ತಳ್ಳುತ್ತಾರಲ್ಲ, ಹಾಗೆ ಒಂದು ಹಿಡಿಯಿಂದ ಬೆಲ್ಟನ್ನು ಸರಿಸಬೇಕಿತ್ತು. ದಾರಿಯಲ್ಲಿ ಬ್ರೇಕಿನ ಮರದ ಕಟ್ಟೆ ಸವೆದಾಗ ಬೆರ್ಥಾ ಚಪ್ಪಲಿ ಹೊಲಿಯುವವನೊಬ್ಬನ ಬಳಿ ನಿಂತು ಅದಕ್ಕೆ ತೊಗಲು ಹೊಡೆಸಿಕೊಂಡಳು. ಕಾರು ಬೇಕಾದಂತೆ ಇಲ್ಲದಿದ್ದರೆ ಅದನ್ನು ತಿದ್ದಿಸಿಕೊಳ್ಳಬೇಕು ಎಂಬ ಬುದ್ಧಿ ಕಾರಿನಷ್ಟೇ ಹಳೆಯದು. ಅದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬ ಹೆಂಗಸೂ ಇದ್ದಾಳೆ.

ಆಮೇಲೆ ಕಾರು ಸಾಮಾನ್ಯರ ಮನೆಗೆ ಬಂತು. 1908ರಿಂದ 1927ರ ತನಕ ಅಮೆರಿಕದ ಫೋರ್ಡ್ ಕಂಪನಿ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿತು. ಅದರಲ್ಲಿ ಮೂರು ಪೆಡಲು. ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಅರ್ಧ ಒತ್ತಿದರೆ ಯಾವ ಗೇರೂ ಇಲ್ಲ, ಬಿಟ್ಟರೆ ವೇಗದ ಗೇರು. ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ದಿಬ್ಬ ಹತ್ತುವಾಗ ತುದಿ ಮುಟ್ಟುವ ತನಕ ಎಡಗಾಲನ್ನು ಒತ್ತಿ ಹಿಡಿದೇ ಇರಬೇಕು. ಕೊಳ್ಳುವವರ ಕಾಲು ನೋಡಿ ಪೆಡಲಿನ ಅಳತೆ ಬದಲಾಗುತ್ತಿರಲಿಲ್ಲ. ಎತ್ತರದ ರೈತನಿಗೂ ಕುಳ್ಳಗಿನ ಟೀಚರಮ್ಮನಿಗೂ ಅದೇ. ಒಂದೇ ಅಚ್ಚಿನಲ್ಲಿ ಮಾಡಿದ್ದರಿಂದ ಬೆಲೆ ಇಳಿಯಿತು, ಅದು ನಿಜ. ಅಚ್ಚಿಗೆ ಒಗ್ಗದ ಕಾಲಿನವರು ತಾವೇ ಒಗ್ಗಿಕೊಳ್ಳಬೇಕಾಯಿತು, ಅದೂ ನಿಜ. 1927ರ ಕೊನೆಗೆ ಬಂದ ಮಾಡೆಲ್ ಎ ಕಾರಿನಲ್ಲಿ ಇಂದು ನಾವು ಕಾಣುವ ಕ್ಲಚ್ಚು, ಬ್ರೇಕು, ಆಕ್ಸಿಲರೇಟರಿನ ಸಾಲು ಇತ್ತು. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನನ್ನು ಕಡಿಮೆ ಬೆಲೆಯ ಕಾರಿಗೆ ಹಾಕಿತು.

ಈ ಹಳೆಯ ಕಾರುಗಳು ಅಗ್ಗವಾದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವುಗಳನ್ನು ಕೊಂಡು, ಮಡ್‌ಗಾರ್ಡು ಕಿತ್ತು, ಭಾರ ಇಳಿಸಿ, ಎಂಜಿನ್ನನ್ನು ಹುರಿಗೊಳಿಸಿ, ಮುರಾಕ್ ಎಂಬ ಒಣಗಿದ ಕೆರೆಯ ಬಯಲಿನಲ್ಲಿ ವೇಗ ಪರೀಕ್ಷೆ ಮಾಡುತ್ತಿದ್ದರು. 1937ರಲ್ಲಿ ಅವರ ಹಲವು ಕ್ಲಬ್ಬುಗಳು ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಇಂಥ ಕಾರಿಗೆ ಹಾಟ್ ರಾಡ್ ಎಂಬ ಹೆಸರು ಬಂತು. 1948ರಲ್ಲಿ ಅದೇ ಹೆಸರಿನ ಮಾಸಪತ್ರಿಕೆಯೂ ಹೊರಟಿತು.

ಕ್ಲಚ್ಚಿನ ಕಷ್ಟ ಇಲ್ಲಿಂದ ಶುರು. 1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್, 1955ರಲ್ಲಿ ಷೆವರ್ಲೆ, ಇನ್ನೂ ಬಲವಾದ ವಿ-8 ಎಂಜಿನ್ನುಗಳನ್ನು ತಂದವು. ಹಳೆಯ ಫೋರ್ಡಿನ ಒಡಲಿಗೆ ಹೊಸ ಎಂಜಿನ್ ಕೂರಿಸುವುದು ಎಲ್ಲರ ಆಸೆಯಾಯಿತು. ಆದರೆ 1932ರ ಫೋರ್ಡಿನಲ್ಲಿ ಪೆಡಲುಗಳು ಇದ್ದದ್ದೇ ಗೇರುಪೆಟ್ಟಿಗೆಯ ಮೇಲೆ. ಗೇರುಪೆಟ್ಟಿಗೆ ಇಳಿಸಿದರೆ ಅದರ ಜೊತೆ ಪೆಡಲೂ ಹೋಯಿತು! ಕಾರು ಇದೆ, ಎಂಜಿನ್ ಇದೆ, ಒತ್ತುವುದಕ್ಕೆ ಏನೂ ಇಲ್ಲ. ಹಾಗಾಗಿ ಪೆಡಲನ್ನು ಗುಜರಿಯಲ್ಲಿ ಹುಡುಕಬೇಕು, ಇಲ್ಲವೆ ಕೈಯಾರೆ ಮಾಡಿಕೊಳ್ಳಬೇಕು. ಹೇಗೂ ಹೊಸದಾಗಿ ಮಾಡುವುದೇ ಆದರೆ ಯಾರ ಅಳತೆಗೆ ಮಾಡುವುದು?

ಮಗಳ ಬಾಣಂತನಕ್ಕೆಂದು ಲಾಸ್ ಏಂಜಲೀಸಿನ ಹತ್ತಿರದ ಊರಿಗೆ ಹೋಗಿದ್ದಾಗ ನಾನು ಇದನ್ನು ಕಣ್ಣಾರೆ ಕಂಡೆ. ಎದುರು ಮನೆಯ ಹಿರಿಯರು ತಮ್ಮ ಗ್ಯಾರೇಜಿನಲ್ಲಿ 1932ರ ಫೋರ್ಡೊಂದನ್ನು ಹಾಟ್ ರಾಡ್ ಮಾಡುತ್ತಿದ್ದರು. ಮಗು ನಿದ್ದೆ ಹೋದ ಮೇಲೆ ನಾನು ಹೋಗಿ ನಿಂತು ನೋಡುತ್ತಿದ್ದೆ. ಒಂದು ದಿನ ಸೀಟಿನಲ್ಲಿ ಅವರ ಹೆಂಡತಿ ಕೂತಿದ್ದರು. ನನ್ನಷ್ಟೇ ಗಿಡ್ಡ, ವಯಸ್ಸು ಎಪ್ಪತ್ತರ ಹತ್ತಿರ. "ನಲವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತಾಯಿತು, ಇನ್ನು ನಾನು ಓಡಿಸುತ್ತೇನೆ" ಎಂದರು. ಗಂಡ ಟೇಪು ಹಿಡಿದು ಅವರ ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದುಕೊಂಡರು. ರವಿಕೆ ಹೊಲಿಯುವ ದರ್ಜಿ ಇಷ್ಟು ಗಮನ ಕೊಟ್ಟಿದ್ದರೆ ನಮ್ಮ ಎಷ್ಟೋ ತೋಳುಗಳು ಬಿಗಿಯಾಗುತ್ತಿರಲಿಲ್ಲ.

ಮೊದಲು ರಟ್ಟಿನಲ್ಲಿ ಪೆಡಲು ಕತ್ತರಿಸಿ, ಹಿಡಿದು ನೋಡಿ, ಆಮೇಲೆ ಕಬ್ಬಿಣ ಕೊಯ್ದರು. ಹೊಸ ಪೆಡಲು ನೆಲದಿಂದ ಏಳದೆ ಮೇಲಿನಿಂದ ತೂಗುತ್ತದೆ. ಅದರ ಗುಟ್ಟು ನಮ್ಮ ಅಡಕತ್ತರಿಯ ಗುಟ್ಟೇ. ಅಡಕತ್ತರಿಯ ಒಂದು ತುದಿಯಲ್ಲಿ ಕೀಲು, ಕೀಲಿನ ಹತ್ತಿರ ಅಡಿಕೆ, ಇನ್ನೊಂದು ತುದಿಯಲ್ಲಿ ಕೈ. ಪೆಡಲಿನಲ್ಲಿ ಮೇಲೆ ಕೀಲು, ಅದರ ಕೆಳಗೆ ತಳ್ಳುವ ಸರಳು, ತುದಿಯಲ್ಲಿ ಪಾದ. ಕೀಲಿನಿಂದ ಪಾದಕ್ಕೆ 12 ಅಂಗುಲ, ಕೀಲಿನಿಂದ ಸರಳಿಗೆ 2 ಅಂಗುಲ ಇದ್ದರೆ ಆರಕ್ಕೆ ಒಂದರ ಲೆಕ್ಕ. 10 ಕಿಲೋ ಬಲ ಹಾಕಿದರೆ ಸರಳಿಗೆ 60 ಕಿಲೋ ಸಿಗುತ್ತದೆ. ಪುಕ್ಕಟೆ ಅಲ್ಲ, ಪಾದ 6 ಅಂಗುಲ ಹೋದರೆ ಸರಳು ಸರಿಯುವುದು ಒಂದೇ ಅಂಗುಲ. ಪೆಡಲು ಹಗುರಾಗಬೇಕು ಎಂದರೆ ದೂರದ ತನಕ ಒತ್ತಬೇಕು. ಹತ್ತಿರದಲ್ಲೇ ಮುಗಿಯಬೇಕು ಎಂದರೆ ಬಲ ಹಾಕಬೇಕು. ವಯಸ್ಸಾದ ಮಂಡಿಗೆ ಹಗುರ ಬೇಕು, ಗಿಡ್ಡ ಕಾಲಿಗೆ ಹತ್ತಿರ ಬೇಕು. ಅವರ ಹೆಂಡತಿಗೆ ಎರಡೂ ಬೇಕು.

ಆ ಹಿರಿಯರು ಒಂದು ವಾರ ಇದರಲ್ಲೇ ಮುಳುಗಿದ್ದರು. ಪೆಡಲಿನಿಂದ ಕ್ಲಚ್ಚಿಗೆ ಸರಳುಗಳ ಬದಲು ಎಣ್ಣೆಯ ಕೊಳವೆ ಎಳೆದರು. ಪೆಡಲಿನ ಕಡೆಯ ಸಿಲಿಂಡರಿನ ಬಾಯಿ ಕಿರಿದಾದಷ್ಟೂ ಒತ್ತುವುದು ಸುಲಭ, ಆದರೆ ದಾರಿ ಉದ್ದ. ಅಲ್ಲೂ ಅದೇ ನ್ಯಾಯ. ಒಂದು ಸಿಲಿಂಡರು ಹಾಕಿ ನೋಡಿ, ತೆಗೆದು, ಇನ್ನೊಂದು ಹಾಕಿದರು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು ತೆಳ್ಳಗಿತ್ತು. ಒತ್ತಿದಾಗ ಅದೇ ಬಾಗಿದರೆ ಪಾದದ ಶ್ರಮವೆಲ್ಲ ತಗಡಿಗೇ ಹೋಗುತ್ತದೆಂದು ಹಿಂದೆ ದಪ್ಪ ಪಟ್ಟಿ ಕೊಟ್ಟರು. ಪೆಡಲು ಮಿತಿ ಮೀರಿ ಹೋಗದಂತೆ ಒಂದು ತಡೆ ಇಟ್ಟರು. ಕೊನೆಗೆ, ಪೂರ್ತಿ ಒತ್ತಿದಾಗಲೂ ಹೆಂಡತಿಯ ಮಂಡಿ ತುಸು ಮಡಿಚಿಯೇ ಇರುವಂತೆ ಸೀಟನ್ನು ಮುಂದಕ್ಕೆ ತಂದು ಬಿಗಿದರು. ಆಕೆ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಮಾತಾಡದೆ ನಕ್ಕರು.

ಹಾಟ್ ರಾಡಿನ ಚರಿತ್ರೆಯಲ್ಲಿ ಹೆಂಗಸರ ಹೆಸರು ಕಡಿಮೆ, ಆದರೆ ಇಲ್ಲದಿಲ್ಲ. ವೀಡಾ ಓರ್ ಎಂಬಾಕೆ ಆ ಒಣಕೆರೆಗಳಲ್ಲಿ ಗಂಡಸರ ಜೊತೆ ಕಾರು ಓಡಿಸಿದಳು. ಎರಡನೆಯ ಮಹಾಯುದ್ಧದಲ್ಲಿ ಹುಡುಗರೆಲ್ಲ ಸೈನ್ಯಕ್ಕೆ ಹೋದಾಗ ಅಸೋಸಿಯೇಷನ್ನಿನ ಸುದ್ದಿಪತ್ರ ನಿಲ್ಲದಂತೆ ನೋಡಿಕೊಂಡು, ಅವರಿದ್ದಲ್ಲಿಗೆ ಕಳಿಸಿದವಳೂ ಅವಳೇ. ಶರ್ಲಿ ಮುಲ್ಡೌನಿ 1977, 1980 ಮತ್ತು 1982ರಲ್ಲಿ ಅತಿ ವೇಗದ ಟಾಪ್ ಫ್ಯುಯೆಲ್ ಡ್ರ್ಯಾಗ್ ರೇಸಿನ ರಾಷ್ಟ್ರಪ್ರಶಸ್ತಿ ಗೆದ್ದಳು. 1984ರ ಅಪಘಾತದಲ್ಲಿ ಅವಳ ಎರಡೂ ಕಾಲು ನುಜ್ಜುಗುಜ್ಜಾದವು. 1986ರಲ್ಲಿ ಮತ್ತೆ ಬಂದು ರೇಸಿಗೆ ನಿಂತಳು. ಹೆಂಗಸರ ಕಾಲಿಗೆ ಕ್ಲಚ್ಚು ಒಗ್ಗದು ಎನ್ನುವವರು ಈ ಹೆಸರನ್ನು ಕೇಳಿರಲಿಕ್ಕಿಲ್ಲ.

ಹಾಗೆ ಎನ್ನುವವರು ನಮ್ಮೂರಲ್ಲೂ ಇದ್ದಾರೆ. ನಲವತ್ತು ದಾಟಿದ ಮೇಲೆ ನಾನು ಕಾರು ಕಲಿಯಲು ಹೋದಾಗ, ಕಲಿಸುವಾತ ಸೀಟನ್ನು ಎಳೆಯಲು ನೋಡಿದ. ಅದು ತುಕ್ಕು ಹಿಡಿದು ನಿಂತಿತ್ತು. "ಮೇಡಂ, ಕಾಲು ಎಟಕದಿದ್ದರೆ ಕಾರು ನಿಮಗಲ್ಲ, ಸ್ಕೂಟಿ ಸಾಕು" ಎಂದ. ಮಾರನೆಯ ದಿನ ಬೆನ್ನಿಗೆ ಎರಡು ದಿಂಬು ತೆಗೆದುಕೊಂಡು ಹೋದೆ. ಮೂರು ತಿಂಗಳಲ್ಲಿ ಲೈಸೆನ್ಸು ಕೈಗೆ ಬಂತು. ಆ ದಿನಗಳಲ್ಲಿ ನನ್ನ ಕಾಲೇ ಗಿಡ್ಡ ಎಂದು ಎಲ್ಲರೂ ಹೇಳಿದರು. ಸೀಟಿನ ತುಕ್ಕಿನ ಮಾತು ಯಾರೂ ಎತ್ತಲಿಲ್ಲ.

ಎದುರು ಮನೆಯ ಗ್ಯಾರೇಜು ನನಗೆ ತೋರಿಸಿದ್ದು ಇದನ್ನೇ. ಕಬ್ಬಿಣವನ್ನು ಕೊಯ್ಯಬಹುದು, ಬಗ್ಗಿಸಬಹುದು, ಕೀಲನ್ನು ಒಂದಂಗುಲ ಸರಿಸಬಹುದು. ಟೇಪು ಹಿಡಿಯುವವರು ಮೊದಲು ಒಂದು ಮಾತು ಕೇಳಬೇಕು, ಕೂರುವವರು ಯಾರು ಎಂದು. ನಮ್ಮ ದಿನದ ಬಹುಪಾಲು ಸಾಮಾನುಗಳ ವಿಷಯದಲ್ಲಿ ಆ ಮಾತನ್ನು ಯಾರೂ ಕೇಳಿಲ್ಲ. ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕೌಂಟರು, ನನ್ನ ತರಗತಿಯ ಕಪ್ಪುಹಲಗೆ ಎಲ್ಲವೂ ಯಾವುದೋ ಎತ್ತರದ ಮನುಷ್ಯನನ್ನು ನೆನೆದು ಮಾಡಿದಂತಿವೆ.

ಊರಿಗೆ ಬಂದ ವರ್ಷವೇ ನಮ್ಮ ಅಡುಗೆಮನೆಯ ಕಟ್ಟೆ ಒಡೆಸಿ ಹೊಸದು ಹಾಕಿಸಬೇಕಾಯಿತು. ಮೇಸ್ತ್ರಿ ಬಂದವನೇ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ. "ಎಲ್ಲರ ಮನೇಲೂ ಇಷ್ಟೇ ಎತ್ತರ ಅಮ್ಮ" ಎಂದ. ನಾನು ಗೋಡೆಯ ಪಕ್ಕ ನಿಂತು, ಚಪಾತಿ ಲಟ್ಟಿಸುವ ಹಾಗೆ ಕೈ ಇಟ್ಟು, "ಇಲ್ಲಿ ಅಳೆಯಪ್ಪ" ಎಂದೆ. ಅವನು ಗೆರೆಯನ್ನು ನೋಡಿದ, ನನ್ನ ಮೊಣಕೈಯನ್ನು ನೋಡಿದ, ಜೇಬಿನಿಂದ ಟೇಪು ತೆಗೆದ. ಕಟ್ಟೆ ಮೂರಂಗುಲ ಕೆಳಗಿಳಿಯಿತು.