ಮೂರಕ್ಷರದ ಹಿಂದಿನ ಮಾತು



ಲೆಕ್ಕ ಬರೆಯುವವನಿಗೆ ಭಾಷೆಯ ವೇದಿಕೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ವೃತ್ತಿ ನಡೆಯುವುದೇ ಗಿಡ್ಡ ಅಕ್ಷರಗಳ ಮೇಲೆ. ಊರಿನಲ್ಲಿ ‘ಸಿ.ಎ.’ ಅಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಈ ದೇಶದಲ್ಲಿ ಆ ಎರಡಕ್ಷರ ಸ್ಕಾಟ್ಲೆಂಡಿನ ಸಂಸ್ಥೆಯವರದು. ಇಂಗ್ಲೆಂಡಿನ ಸಂಸ್ಥೆಯ ಸದಸ್ಯರು ‘ಎ.ಸಿ.ಎ.’ ಎಂದು ಬರೆದುಕೊಳ್ಳುತ್ತಾರೆ. ಗಿಡ್ಡ ಅಕ್ಷರವೆಂದರೆ ಬಲ್ಲವರ ನಡುವಿನ ಒಪ್ಪಂದ. ಒಪ್ಪಂದ ಗೊತ್ತಿದ್ದವರಿಗೆ ಸಮಯ ಉಳಿಯುತ್ತದೆ, ಗೊತ್ತಿಲ್ಲದವರಿಗೆ ದುಡ್ಡು ಹೋಗುತ್ತದೆ. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ.

ಮೊದಲು ಹಣದ ಕಥೆ. 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿ ಬರುವವರೆಗೆ ಲಂಡನ್ನಿನ ಲೆಕ್ಕದ ಪುಸ್ತಕಗಳಲ್ಲಿ ಎಲ್., ಎಸ್., ಡಿ. ಎಂಬ ಮೂರು ಕಾಲಂ ಇರುತ್ತಿದ್ದವು: ಪೌಂಡ್, ಶಿಲ್ಲಿಂಗ್, ಪೆನ್ನಿ. ಪೆನ್ನಿಗೆ ‘ಡಿ’ ಯಾಕೆ? ಅದು ರೋಮನ್ನರ ದಿನಾರಿಯಸ್ ನಾಣ್ಯದ ಮೊದಲಕ್ಷರ. ಪೌಂಡಿನ ‘ಎಲ್’ ಲಿಬ್ರಾ ಎಂಬ ಲ್ಯಾಟಿನ್ ತೂಕದ್ದು. ರೋಮನ್ನರು ಹೋಗಿ ಸಾವಿರದೈನೂರು ವರ್ಷ ಕಳೆದರೂ ಅವರ ಅಕ್ಷರ ಅಂಗಡಿಯ ಬಿಲ್ಲಿನಲ್ಲಿ ಉಳಿದಿತ್ತು. ನಮ್ಮ ಅಜ್ಜಂದಿರ ಪುಸ್ತಕದಲ್ಲೂ ರೂ., ಆ., ಪೈ. ಎಂದು ಮೂರೇ ಕಾಲಂ. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆ ಲೆಕ್ಕ ಹೋಯಿತು. ಆದರೂ ‘ಹದಿನಾರಾಣೆ ನಿಜ’ ಎನ್ನುವುದನ್ನು ನಾವು ಬಿಟ್ಟಿಲ್ಲ.

ಇನ್ನು ಮಕ್ಕಳು ಮೊಬೈಲಿನಲ್ಲಿ ಒತ್ತುವ ‘ಓ.ಎಂ.ಜಿ.’. ‘ಅಯ್ಯೋ ದೇವರೇ’ ಎಂಬುದರ ಈ ಚಿಕ್ಕ ರೂಪ ಹೊಸ ಹುಡುಗರ ಸೃಷ್ಟಿಯೆಂದು ನಾವು ಗೊಣಗುತ್ತೇವೆ. 1917ರ ಸೆಪ್ಟೆಂಬರ್ 9ರಂದು, 76 ವರ್ಷದ ನೌಕಾಪಡೆಯ ಲಾರ್ಡ್ ಫಿಶರ್ ಅವರು ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲೇ ಅದು ಇದೆ. ಹೊಸದೊಂದು ಬಿರುದು ಬರಲಿದೆ ಎಂಬ ಸುದ್ದಿಗೆ ಅವರು ಮಾಡಿದ ಗೇಲಿ ಅದು. ಹೆಸರಿನ ಮುಂದೆ ಮೂರು ನಾಲ್ಕು ಅಕ್ಷರ ಅಂಟಿಸಿಕೊಳ್ಳುವುದು ಆಗ ದೊಡ್ಡ ಮರ್ಯಾದೆ. ನಮ್ಮ ವಿಶ್ವೇಶ್ವರಯ್ಯನವರಿಗೂ 1915ರಲ್ಲಿ ‘ಕೆ.ಸಿ.ಐ.ಇ.’ ಬಂದಿತ್ತು. ಜನ ಆ ನಾಲ್ಕಕ್ಷರ ಮರೆತರು, ‘ಸರ್ ಎಂ.ವಿ.’ ಎಂಬುದನ್ನು ಉಳಿಸಿಕೊಂಡರು. ‘ಓ.ಎಂ.ಜಿ.’ಗೆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಜಾಗ ಸಿಕ್ಕಿದ್ದು 2011ರಲ್ಲಿ.

ಉದ್ಗಾರಗಳಿಗೂ ಊರಿನ ನೀರು ಬೇಕು. ನಮ್ಮ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಎಂದರೆ ಬಸ್ಸು ನಿಲ್ಲುತ್ತದೆ, ‘ರೈಟ್’ ಎಂದರೆ ಹೊರಡುತ್ತದೆ. ಲಂಡನ್ನಿನ ಬಸ್ಸಿನಿಂದ ಇಳಿಯುವವರು ಚಾಲಕನಿಗೆ ‘ಚಿಯರ್ಸ್’ ಎನ್ನುತ್ತಾರೆ; ಅದು ಗ್ಲಾಸು ಎತ್ತುವ ಮಾತಲ್ಲ, ಥ್ಯಾಂಕ್ಸ್. ಸಹೋದ್ಯೋಗಿ ‘ಆಲ್ ರೈಟ್?’ ಎಂದು ಕೇಳಿದರೆ ನಮ್ಮ ಆರೋಗ್ಯದ ವರದಿ ಕೊಡಬೇಕಿಲ್ಲ. ‘ಊಟ ಆಯ್ತಾ?’ ಎಂದವರಿಗೆ ನಾವು ಏನೇನು ಉಂಡೆವೆಂದು ಪಟ್ಟಿ ಒಪ್ಪಿಸುತ್ತೇವೆಯೇ?

ಇಲ್ಲಿಯವರೆಗೆ ನಗುವ ಮಾತಾಯಿತು. ಈಗ ಸಂಬಳದ ಚೀಟಿಗೆ ಬರೋಣ. ಅದರಲ್ಲಿರುವ ‘ಪಿ.ಎ.ವೈ.ಇ.’ ಎಂದರೆ ದುಡಿದಂತೆ ತೆರಿಗೆ ಕಟ್ಟು ಎಂದರ್ಥ. ಯುದ್ಧದ ಖರ್ಚಿಗಾಗಿ ಲಕ್ಷಾಂತರ ಕಾರ್ಮಿಕರು ಹೊಸದಾಗಿ ತೆರಿಗೆಗೆ ಒಳಪಟ್ಟಾಗ, ವರ್ಷಕ್ಕೆರಡು ಸಲ ಒಟ್ಟಿಗೆ ಕಟ್ಟುವುದು ಅವರಿಂದ ಆಗದೆಂದು 1944ರಲ್ಲಿ ತಂದ ಏರ್ಪಾಡು ಇದು. ಅದರ ಪಕ್ಕದ ತೆರಿಗೆ ಕೋಡನ್ನು ಓದುವವರು ಕಡಿಮೆ. ‘1257ಎಲ್’ ಇದ್ದರೆ ವರ್ಷದ ಮೊದಲ 12,570 ಪೌಂಡಿಗೆ ತೆರಿಗೆಯಿಲ್ಲ. ‘ಬಿ.ಆರ್.’ ಇದ್ದರೆ ಆ ಕೆಲಸದ ಮೊದಲ ಪೌಂಡಿನಿಂದಲೇ ನೂರಕ್ಕೆ 20 ಹೋಗುತ್ತದೆ. ಕೊನೆಯಲ್ಲಿ ‘ಎಂ1’, ‘ಡಬ್ಲ್ಯೂ1’ ಅಥವಾ ‘ಎಕ್ಸ್’ ಇದ್ದರೆ ಅದು ತಾತ್ಕಾಲಿಕ ಕೋಡ್; ಹಿಂದಿನ ತಿಂಗಳುಗಳ ಲೆಕ್ಕ ಅದಕ್ಕೆ ಸೇರುವುದಿಲ್ಲ. ಕೆಲಸ ಬದಲಿಸಿದವರು ‘ಪಿ45’ ಕೊಡದಿದ್ದರೆ, ಹೊಸದಾಗಿ ಬಂದವರು ಸೇರುವಾಗ ಕೊಟ್ಟ ನಮೂನೆ ಸರಿಯಾಗಿ ತುಂಬದಿದ್ದರೆ, ಇಂಥ ಕೋಡ್ ಬೀಳುತ್ತದೆ. ಹೆಚ್ಚು ಕಟ್ಟಿದ ತೆರಿಗೆಯನ್ನು ಆ ತೆರಿಗೆ ವರ್ಷ ಮುಗಿದ 4 ವರ್ಷದೊಳಗೆ ವಾಪಸು ಕೇಳಬಹುದು. ಆಮೇಲೆ ಕೈಬಿಟ್ಟಂತೆ.

ನನ್ನ ಬಳಿ ಬರುವವರಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಎಂಜಿನಿಯರುಗಳೂ, ನರ್ಸುಗಳೂ ಇದ್ದಾರೆ. ‘ಇಷ್ಟೂ ಗೊತ್ತಿಲ್ಲವೇ ಅಂದುಕೊಂಡಾರು’ ಎಂದು ಆಫೀಸಿನಲ್ಲಿ ಕೇಳಲು ಅವರಿಗೆ ಸಂಕೋಚ. ಊರಿನಲ್ಲಿ ಇಂಗ್ಲಿಷ್ ಓದು ಬಾರದ ರೈತ ‘ಆರ್.ಟಿ.ಸಿ.’ಯಲ್ಲಿ ತನ್ನ ಹೆಸರು, ಸರ್ವೆ ನಂಬರು, ಗುಂಟೆ ಸರಿಯಿದೆಯೇ ಎಂದು ನಾಲ್ಕು ಜನರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಅದು ಅವನ ಹೊಲ. ಸಂಬಳದ ಚೀಟಿ ನಮ್ಮ ಹೊಲ.

ಆದ್ದರಿಂದ ಒಂದು ವಿನಂತಿ. ಈ ತಿಂಗಳ ಚೀಟಿ ತೆಗೆದು ಕೋಡ್ ನೋಡಿ. ಅರ್ಥವಾಗದಿದ್ದರೆ ಕೇಳಿ. ಅರ್ಥವಾದವರು ಈ ವರ್ಷ ಬಂದಿಳಿದ ಒಬ್ಬರಿಗಾದರೂ ಕನ್ನಡದಲ್ಲಿ ಬಿಡಿಸಿ ಹೇಳಿ. ಬಳಗ ಕಟ್ಟಿಕೊಂಡದ್ದು ಇದಕ್ಕೂ ಹೌದು.