ಕೊಳೆಯಿಂದ ಹಳದಿಗೆ: ಬೇಗಾರ್ ಸೀಮೆಯ ಅಡಿಕೆ

ಶೃಂಗೇರಿ ಬಳಿಯ ಬೇಗಾರ್ ಸೀಮೆಯಲ್ಲಿ ಮನೆತನಗಳ ಏಳುಬೀಳುಗಳನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅಡಿಕೆಯ ಎರಡು ರೋಗಗಳು. ಮೊದಲನೆಯದು ಕೊಳೆರೋಗ, ಅಂದರೆ ಮಳೆಗಾಲದಲ್ಲಿ ಶಿಲೀಂಧ್ರದಂಥ ಸೂಕ್ಷ್ಮಜೀವಿ ತಗುಲಿ ಎಳೆಗಾಯಿ ಉದುರುವ ಪಿಡುಗು. ಇದಕ್ಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೇ ಹಳೆಯ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಈ ರೋಗವನ್ನು ಅಧ್ಯಯನ ಮಾಡಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಅಲಗಿಗೆ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದೆಂದೇ ಲೆಕ್ಕ. ಇಷ್ಟು ಸರಳವಾದ ಮದ್ದು ತೋಟಗಾರನ ಮಳೆಗಾಲದ ಭಯವನ್ನು ಅರ್ಧ ಇಳಿಸಿತೆಂದರೆ ಅತಿಶಯವಲ್ಲ.

ಆದರೆ ಗೆದ್ದೆವೆಂದುಕೊಂಡ ತೋಟಗಳಿಗೇ ಹಳದಿ ಎಲೆ ರೋಗ ಕಾಲಿಟ್ಟಿತು. ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಯಿಂದ ಬರುವ ಇದನ್ನು ಜಿಗಿಹುಳುವೊಂದು ಮರದಿಂದ ಮರಕ್ಕೆ ಹಬ್ಬಿಸುತ್ತದೆ; ಸೋಗೆಯ ತುದಿಯಿಂದ ಹಳದಿಯೇರಿ, ತಿರುಳು ಕಪ್ಪಿಟ್ಟು, ವರ್ಷಗಳಲ್ಲಿ ಶಿರ ಕುಗ್ಗಿ ಫಸಲು ನಿಲ್ಲುತ್ತದೆ. ಕೊಳೆ ಒಂದು ವರ್ಷದ ಬೆಳೆಯನ್ನು ಕೆಡಿಸುತ್ತಿತ್ತು, ಹಳದಿ ತೋಟವನ್ನೇ ಕಸಿಯಿತು. ಬಿದ್ದ ಅಡಿಕೆಯ ಜಾಗದಲ್ಲಿ ಕಾಫಿ, ಕಾಳುಮೆಣಸು ನೆಟ್ಟವರುಂಟು. ರೋಗ ಹತ್ತಿದ ಮರವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ.